ತುಟಿ ತಾಗಿದ ಲೋಟ

ಮಾತಿಲ್ಲ, ಹಾಡಿಲ್ಲ, ಬಣ್ಣವೂ ಇಲ್ಲ; ಇದೆಂಥ ಸಿನಿಮಾವೋ ಎಂದು ಹೊಸೂರಿನ ಆ ಕಲ್ಯಾಣಮಂಟಪದಲ್ಲಿ ಕೂತವರು ಆಕಳಿಸುತ್ತಿದ್ದರು. ಸರಳಾ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ. ಹೆಂಡತಿಗೆ ಮೋಸ ಮಾಡುವ ಗಂಡನ ಪಾತ್ರ ಅವಳ ಗಂಡ ಕುಮಾರೇಶನದೇ. ಅವನ ಜೊತೆ ಫ್ಯಾಕ್ಟರಿಯಲ್ಲಿ ದುಡಿಯುವ ಯುವರಾಜ್ ರಜೆ ಹಾಕಿ ತೆಗೆದ ಕಪ್ಪು ಬಿಳುಪು ಚಿತ್ರವದು. ‘ಇನ್ನೊಬ್ಬಳು’ ಅದೇ ಫ್ಯಾಕ್ಟರಿಯ ಭಾನು. ಶೂಟಿಂಗ್ ಕೂಡ ಆಲಸನತ್ತಂನಲ್ಲಿ ಅವಳ ಮನೆಯಲ್ಲೇ ನಡೆದಿತ್ತು.

ನಟನೆ ತಾನೇ, ಎಂದು ಸರಳಾ ಧೈರ್ಯವಾಗಿಯೇ ಬಂದಿದ್ದಳು.

ಪರದೆಯ ಮೇಲೆ ಭಾನು ನೀರು ಕೊಟ್ಟಳು. ಕುಮಾರೇಶ ಲೋಟ ತುಟಿಗಿಟ್ಟು, ಕಚ್ಚಿಕೊಂಡು ನಿಧಾನವಾಗಿ ಕುಡಿದ. ಸರಳಾ ಕುರ್ಚಿಯ ಅಂಚಿಗೆ ಸರಿದಳು.

ಬೇರೆಯವರ ಮನೆಯ ಲೋಟ ಎಂಜಲು ಮಾಡಬಾರದೆಂದು ಅತ್ತೆ ನಾರಾಯಣಮ್ಮ ಮಗನಿಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಎಲ್ಲಿ ಹೋದರೂ ಅವನು ಲೋಟ ಮೇಲೆತ್ತಿ ಬಾಯಿಗೆ ಸುರಿದುಕೊಳ್ಳುವವನೇ. ಮದುವೆಯಾಗಿ ಒಂಬತ್ತು ವರ್ಷವಾದರೂ ಕೃಷ್ಣಗಿರಿಯ ಸರಳಾಳ ತವರಿನಲ್ಲಿ ಬಿಸಿ ಕಾಫಿಯನ್ನೂ ಎತ್ತಿ ಕುಡಿದು ಅಂಗಿ ಕಲೆ ಮಾಡಿಕೊಳ್ಳುವ ಮಹಾನುಭಾವ. ಕಚ್ಚಿ ಕುಡಿಯುವುದು ತನ್ನ ಮನೆಯಲ್ಲಿ ಮಾತ್ರ.

ಸಿನಿಮಾ ಮುಗಿದದ್ದೇ ತಡ, ಯುವರಾಜನನ್ನು ಬಾಗಿಲ ಬಳಿ ಹಿಡಿದಳು.

“ಹಂಗೆ ಲೋಟ ಕಚ್ಚಿ ಕುಡಿ ಅಂತ ನೀನೇ ಹೇಳ್ಕೊಟ್ಯೇನಪ್ಪಾ?” ಎಂದಳು, ನಗುತ್ತಲೇ.

“ಇಲ್ಲಕ್ಕಾ! ಕತೇಲಿ ಮೊದಲ್ನೇ ಸಲ ಬರೋ ಮನೆ, ಎತ್ತಿ ಕುಡಿಯಣ್ಣಾ ಅಂತ ಮೂರು ಸಲ ಹೇಳ್ದೆ. ಅಣ್ಣ ಮರ್ತು ಮರ್ತು ಕಚ್ಚೇ ಕುಡಿತಿದ್ರು. ಯಾರು ನೋಡ್ತಾರೆ ಅಂತ ಬುಟ್ಬುಟ್ಟೆ.”

ನೋಡುವವಳು ಇದ್ದಳಲ್ಲ, ಪಾಪ, ಅವನಿಗೇನು ಗೊತ್ತು!

ಗಂಡನ ಬೈಕಿನ ಹಿಂದೆ ಕೂತು ಕೇಳಿದಳು. “ಭಾನು ಮನೇಗೆ ಎಷ್ಟು ಸಲ ಹೋಗಿದ್ರಿ?”

“ಶೂಟಿಂಗ್ ದಿನ ಒಂದೇ ಸಲ ಕಣೆ. ಯಾಕೆ?”

“ಲೋಟ ಕಚ್ಚಿ ಕುಡಿದ್ರಲ್ಲಾ, ಅದಕ್ಕೆ ಕೇಳ್ದೆ.”

ಬೈಕು ಒಮ್ಮೆ ಅತ್ತಿತ್ತ ವಾಲಿತು. ಅವನು ವೇಗ ಹೆಚ್ಚಿಸಿದ. ನಕ್ಕುಬಿಡಲಿ, ಬೈದಾದರೂ ಬಿಡಲಿ ಎಂದು ಅವಳು ದಾರಿಯುದ್ದಕ್ಕೂ ಬೇಡಿಕೊಂಡಳು.

ಮನೆಗೆ ಬಂದವಳೇ ಎಂದಿನಂತೆ ಒಂದು ಲೋಟ ನೀರು ತಂದು ಕೊಟ್ಟಳು. ಕುಮಾರೇಶ ಅವಳ ಮುಖ ನೋಡದೆ ತೆಗೆದುಕೊಂಡ. ಒಂದು ಗಳಿಗೆ ಲೋಟವನ್ನು ಕೈಯಲ್ಲೇ ಹಿಡಿದು ನಿಂತ. ಆಮೇಲೆ ತಲೆ ಹಿಂದಕ್ಕೆ ಹಾಕಿ, ಲೋಟ ಎತ್ತಿ, ಬಾಯಿಗೆ ಸುರಿದುಕೊಂಡ.

ಒಂಬತ್ತು ವರ್ಷದಲ್ಲಿ ಮೊದಲ ಸಲ, ತನ್ನ ಮನೆಯಲ್ಲಿ. ಸರಳಾಗೆ ಕೇಳಲು ಇನ್ನೇನೂ ಉಳಿಯಲಿಲ್ಲ.