ಒಂದೇ ತಾಟಿನ ಬೋಲ್ಟುಗಳು

ಖಂಡೇಪೂಜೆಯ, ಅಂದರೆ ನವರಾತ್ರಿಯ ಆಯುಧಪೂಜೆಯ ಮರುದಿನ ಪೊಲೀಸ್ ಠಾಣೆಯವರೆಲ್ಲ ಹಿಡಕಲ್ ಕಡೆಯ ಗುಡ್ಡಕ್ಕೆ ಗುಂಡು ಹಾರಿಸುವ ತಾಲೀಮಿಗೆ ಹೋಗುವುದು ವಾಡಿಕೆ. ಪೇದೆ ವಿದ್ಯಾ ಜೀಪು ಹತ್ತುವ ಮೊದಲು ತನ್ನ ಪಾಲಿಗೆ ಬಂದ ಹಳೆಯ ಮಿಲಿಟರಿ ಬಂದೂಕನ್ನು ತಿರುಗಿಸಿ ನೋಡಿದಳು. ಬಂದೂಕಿನ ಮೈಮೇಲೆ ಕೊರೆದ ನಂಬರು ಒಂದು, ತೋಟಾವನ್ನು ಹಿಂದಿನಿಂದ ಒತ್ತಿ ಹಿಡಿಯುವ ಬೋಲ್ಟಿನ ನಂಬರು ಇನ್ನೊಂದು. ತೋಟಾ ಕೂರುವ ಗೂಡಿನೊಳಗೆ ಅರಿವೆ ತೂರಿಸಿ ಎಳೆದರೆ ಅರಿಶಿನ ಹತ್ತಿಕೊಂಡು ಬಂತು.

ನಿನ್ನೆ ಆದದ್ದು ಅವಳಿಗೆ ಹೊಳೆಯಿತು. ಶಸ್ತ್ರಾಗಾರ ನೋಡಿಕೊಳ್ಳುವ ರಾಯಪ್ಪ ಎಲ್ಲ ಬೋಲ್ಟುಗಳನ್ನೂ ಬಿಚ್ಚಿ, ಒಂದೇ ಹಿತ್ತಾಳೆ ತಾಟಿನಲ್ಲಿ ರಾಶಿ ಹಾಕಿ ದೇವಿಯ ಮುಂದಿಟ್ಟಿದ್ದ. ಪೂಜೆಯಾದ ಮೇಲೆ ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಬಂದೂಕಿಗೆ ಹಾಕಿದ್ದ. ಅವಳು ಬಂದೂಕು ಹಿಡಿದು ಶಸ್ತ್ರಾಗಾರಕ್ಕೆ, ಅವನ ಹತ್ತಿರ ಹೋದಳು.

“ಕಾಕಾ, ಬೋಲ್ಟ್ ಅದಲಬದಲ ಆಗ್ಯಾವ್ರಿ.”

“ಎಲ್ಲಾ ಒಂದ ಜಾತಿ ಬಂದೂಕು, ತಂಗಿ. ಅಕ್ಕನ ಗಾಜಿನ ಬಳಿ ತಂಗಿ ಕೈಗೆ ಬರೂದಿಲ್ಲೇನು?”

“ಬಳಿ ಸಡ್ಲಾದ್ರ ಕಣ್ಣು ಹೋಗೂದಿಲ್ರಿ. ಅಳತಿ ತುಂಡು ಹಾಕಿ ನೋಡ್ರಿ.”

ಆ ಉಕ್ಕಿನ ತುಂಡಿನ ಬುಡ ತೋಟಾದ ಬುಡಕ್ಕಿಂತ ಕೂದಲೆಳೆಯಷ್ಟು ದಪ್ಪ. ಅದನ್ನು ಗೂಡಿಗಿಟ್ಟಾಗ ಬೋಲ್ಟು ಮುಚ್ಚಬಾರದು. ಮುಚ್ಚಿದರೆ ತೋಟಾದ ಹಿಂದೆ ಸಂದು ಹೆಚ್ಚಾಗಿದೆ ಎಂದೇ ಅರ್ಥ. ರಾಯಪ್ಪ ಒಂದೇ ಬೆರಳಿನಿಂದ ಒತ್ತಿದ. ಮುಚ್ಚಿತು.

“ನೋಡು, ಹೂವಿನಂಗ ಕುಂತತಿ.”

“ಕುಂದರಬಾರದಾಗಿತ್ರಿ.” ವಿದ್ಯಾ ಬೋಲ್ಟು ಎಳೆದು ತುಂಡನ್ನು ಹೊರತೆಗೆದಳು. “ಇಷ್ಟ ಸಂದು ಇದ್ರ ತೋಟಾದ ಬುಡ ಸೀಳಿ ಬೆಂಕಿ ಹಿಂದಕ್ಕ ಬರತೈತಿ. ಹ್ವಾದ ವರ್ಷಾನೂ ನೀವು ಹಿಂಗ ತಾಟಿನ್ಯಾಗ ಕಲಸಿದ್ರಿ, ಸುನೀಲಗ ಬಂತು.”

ಹೋದ ವರ್ಷ ಇದೇ ತಾಲೀಮಿನಲ್ಲಿ ಪೇದೆ ಸುನೀಲನ ಬಲಗಣ್ಣು ಹೋಗಿತ್ತು. ತೊಳೆಯದ ಕೈಯಿಂದ ಪೂಜೆಯ ಬಂದೂಕು ಮುಟ್ಟಿದ, ದೇವಿ ಮುನಿದಳು ಎಂದು ಮೊದಲು ಆಡಿದವನು ರಾಯಪ್ಪನೇ. ಅಂದಿನಿಂದ ಸುನೀಲ ಗೇಟು ಕಾಯುತ್ತಿದ್ದ; ಮಂಗಳವಾರಕ್ಕೊಮ್ಮೆ ಹೆಜ್ಜೆಹೆಜ್ಜೆಗೆ ಉದ್ದಂಡ ಅಡ್ಡಬೀಳುತ್ತ ಗುಡಿಗೆ ದೀಡ ನಮಸ್ಕಾರ ಹಾಕುತ್ತಿದ್ದ.

ರಾಯಪ್ಪ ದೇವಿಯ ಪಟದತ್ತ ಕೈ ಮುಗಿದ. “ದೇವಿಗೊಂದು ಕಾಯಿ ಒಡಸೂಣು. ಪುರಾಣ ಕೇಳಿ ಬೆಳದಾಕಿ ನೀ, ತಿಳಕೊ.”

“ಕೇಳೇನಂತನ ಹೇಳಾಕತ್ತೇನಿ. ಶಿವ ಕೊಟ್ಟ ತ್ರಿಶೂಲ ಒಂದ ಕೈಯಾಗ, ವಿಷ್ಣು ಕೊಟ್ಟ ಚಕ್ರ ಒಂದ ಕೈಯಾಗ. ಆಕಿ ಎಲ್ಲಾ ಒಂದ ತಾಟಿನ್ಯಾಗ ಕಲಸಲಿಲ್ಲ. ನಿಮ್ಮ ಕೈ ಮಾಡಿದ್ದನ್ನ ಆಕಿ ತಲಿಗಿ ಕಟ್ಟಬ್ಯಾಡ್ರಿ.”

ಹೊರಗೆ ಜೀಪಿನ ಹಾರ್ನ್ ಕೂಗಿತು. ವಿದ್ಯಾ ಬಂದೂಕುಗಳನ್ನೆಲ್ಲ ನೆಲಕ್ಕಿಳಿಸಿ ಬೋಲ್ಟು ಬಿಚ್ಚತೊಡಗಿದಳು.

“ಸಾಹೇಬ್ರು ಕೇಳಿದ್ರ?”

“ಅವರಿಗಿ ನಾ ಹೇಳತೇನಿ. ತಪ್ಪು ಅವನ ಕೈದಲ್ಲಂತ ಸುನೀಲಗ ನೀವ ಹೇಳ್ರಿ.”

ರಾಯಪ್ಪ ಗೇಟಿನತ್ತ ನಡೆದ. ಕಾಣದ ಬದಿಯಿಂದ ಹೆಜ್ಜೆ ಸಪ್ಪಳ ಕೇಳಿದ ಸುನೀಲ ಕುತ್ತಿಗೆ ಪೂರ್ತಿ ತಿರುಗಿಸಿ ನೋಡಿದ. ಬಂದವನು ರಾಯಪ್ಪ ಎಂದು ಗೊತ್ತಾದದ್ದೇ ತಡ, ಎರಡೂ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.