ಗುರುತಿಲ್ಲದ ಗಲ್ಲಿ

ಪರೀಕ್ಷಕ ಮೇಡಂ ಗಲ್ಲಿಯ ತಿರುವಿನಲ್ಲಿ ಕಾರಿಳಿಯುವುದನ್ನು ಕಂಡದ್ದೇ ಪಿಟೀಲು ದಡಬಡಿಸಿ ಎದ್ದು ನಿಂತಳು. ಹುಟ್ಟಿದ ಹೊಸದರಲ್ಲಿ ಹಗಲೆನ್ನದೆ ಇರುಳೆನ್ನದೆ ಒಂದೇ ರಾಗದಲ್ಲಿ ಅಳುತ್ತಿದ್ದಳೆಂದು ಇಸ್ತ್ರಿ ಅಂಗಡಿಯ ಮಾವ ಇಟ್ಟ ಅಡ್ಡಹೆಸರು ಅದು. ಶಾಲೆಯ ಹಾಜರಿಯಲ್ಲಿ ಬಿಟ್ಟರೆ ಗಲ್ಲಿಯಲ್ಲಿ ಯಾರೂ ಅವಳನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ಇವತ್ತು ಮಾತ್ರ ಇಡೀ ಗಲ್ಲಿ ಅವಳನ್ನು ಹೊರಗಿನವಳಂತೆ ನೋಡಬೇಕಿತ್ತು.

ವಿಷಯ ಇಷ್ಟೆ. ಅಂತರರಾಷ್ಟ್ರೀಯ ಅಭಿವೃದ್ಧಿ ಎಂಬ ಪದವಿಯನ್ನು ಅವಳು ಹಲ್ಲುಕಚ್ಚಿ ಓದಿದ್ದಳು. ಅರ್ಥಶಾಸ್ತ್ರ ಮುಗಿಸಿದ್ದಳು, ಸಂಖ್ಯಾಶಾಸ್ತ್ರದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಪಾಸಾಗಿದ್ದಳು, ವಿದೇಶಿ ಭಾಷೆಯ ಪರೀಕ್ಷೆಗೆ ಮತ್ತೆ ಮತ್ತೆ ಕೂತು ಅಂತೂ ದಡ ಸೇರಿದ್ದಳು. ಉಳಿದದ್ದು ಕ್ಷೇತ್ರಕಾರ್ಯ ಒಂದೇ. ತನ್ನ ಮನೆ, ನೆಂಟರು, ಗುರುತಿನ ಮುಖ ಯಾವುದೂ ಇಲ್ಲದ ಜಾಗಕ್ಕೆ ಹೋಗಿ, ಅಲ್ಲಿನವರ ನಡುವೆ ತಿಂಗಳುಗಟ್ಟಲೆ ಓಡಾಡಿ, ಅವರು ಹೇಗೆ ಬದುಕುತ್ತಾರೆ, ಅವರಿಗೇನು ಬೇಕು ಎಂದು ಕೇಳಿ ಬರೆಯಬೇಕು. ಅದಾಗದೆ ಪದವಿ ಇಲ್ಲ. ಪದವಿ ಇಲ್ಲದಿದ್ದರೆ ನೆರವು ಸಂಸ್ಥೆಯೊಂದು ಅವಳಿಗೆಂದು ಕಾದಿರಿಸಿದ್ದ ಕೆಲಸವೂ ಇಲ್ಲ.

ಗಡಿಯಾಚೆಯ ಬೆಟ್ಟದೂರಿಗೆ ಹೊರಡಬೇಕಿದ್ದ ಬೆಳಗ್ಗೆಯೇ ಅಮ್ಮ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿಯುವ ಕೈ ಅದು. ಮನೆಯಲ್ಲಿ ಇರುವವರೇ ಇಬ್ಬರು. ಪಿಟೀಲು ಚೀಲ ಕೆಳಗಿಟ್ಟಳು. ದೂರ ಹೋಗಲಾಗದವರಿಗೆ ಇದೇ ಊರಿನ ಬೇರೊಂದು ಭಾಗ ಆರಿಸಿಕೊಳ್ಳಲು ವಿಭಾಗದವರು ಬಿಡುತ್ತಿದ್ದರು. ಅವಳು ತನ್ನದೇ ಗಲ್ಲಿಯನ್ನು ಆರಿಸಿಕೊಂಡು, ತಾನಿರುವುದು ಊರಾಚೆ ಸೋದರಮಾವನ ಮನೆಯಲ್ಲಿ ಎಂದು ಬರೆದುಕೊಟ್ಟಳು. ಯಾರು ಬಂದು ನೋಡುತ್ತಾರೆ ಎಂಬ ಭಂಡಧೈರ್ಯ. ಈಗ ಮೇಡಂ ತಾವೇ ಬಂದು ನಿಂತಿದ್ದರು.

ಮೇಡಂ ಬರುವ ಸುದ್ದಿ ತಿಳಿದದ್ದೇ ನಿನ್ನೆ ಸಂಜೆ ಅವಳು ಮನೆಮನೆಗೆ ಹೋಗಿ, ತನ್ನ ಗುರುತಿಲ್ಲ ಎನ್ನಿ ಎಂದು ಕಾಲು ಹಿಡಿಯುವುದೊಂದು ಬಾಕಿ ಎನ್ನುವಂತೆ ಬೇಡಿಕೊಂಡಿದ್ದಳು. ಪ್ರೀತಿಯ ಜನ, ಒಪ್ಪಿಕೊಂಡಿದ್ದರು. ಆದರೆ ಪ್ರೀತಿ ಇದ್ದವರಿಗೆಲ್ಲ ಸುಳ್ಳು ಹೇಳಲು ಬರಬೇಕಲ್ಲ.

"ಈ ಹುಡುಗಿ ನಿಮಗೆ ಮುಂಚೆಯಿಂದ ಗೊತ್ತಾ?" ಎಂದು ಮೇಡಂ ಇಸ್ತ್ರಿ ಮಾವನನ್ನು ಕೇಳಿದರು.

"ಇವಳಾ? ಅಯ್ಯೋ, ಇವಳು ಹುಟ್ಟಿದಾಗಿಂದ ನಾನು ಮುಖಾನೇ ನೋಡಿಲ್ಲ ಮೇಡಂ!"

ಮೇಡಂ ಹುಬ್ಬೇರಿಸಿ ಮುಂದಿನ ಮನೆಗೆ ನಡೆದರು. ಅಲ್ಲಿ ದೊಡ್ಡಮ್ಮ, ದಿನಾ ಬೆಳಗ್ಗೆ ಇವಳ ಜಡೆ ಹಿಡಿದೆಳೆದು ಮಾತಾಡಿಸುವ ದೊಡ್ಡಮ್ಮ, ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಎದ್ದು ನಿಂತಳು. "ತಾವು ಯಾರೋ ಗೊತ್ತಾಗ್ಲಿಲ್ಲ," ಎಂದು ಪಿಟೀಲಿಗೇ ಹೇಳಿದಳು.

"ಇವರು ಎಷ್ಟೋ ತಿಂಗಳಿಂದ ಇಲ್ಲಿಗೆ ಬರ್ತಿದ್ದಾರಲ್ವಾ?" ಎಂದರು ಮೇಡಂ.

"ಹೌದೌದು, ಬರ್ತಾನೇ ಇರ್ತಾರೆ. ಆದ್ರೂ ಗೊತ್ತಾಗ್ಲಿಲ್ಲ."

ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಪಿಟೀಲಿಗೆ. ನಗುವ ಹೊತ್ತಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗಬಹುದಿತ್ತು. ಉಳಿದದ್ದು ಕೊನೆಯ ಮನೆ, ತನ್ನದೇ ಮನೆ. ಅಮ್ಮ ಜಾಣೆ, ಅವಳು ಹೇಗಾದರೂ ದಾಟಿಸುತ್ತಾಳೆ ಎಂದು ಒಂದೇ ಸಮನೆ ಅಂದುಕೊಳ್ಳುತ್ತ ಬಾಗಿಲು ತಟ್ಟಿದಳು.

ಅಮ್ಮ ಕುರ್ಚಿ ಎಳೆದು ಹಾಕಿದಳು. ಮಗಳಿಗೆ "ಕೂತ್ಕೊಳ್ಳಿ" ಎಂದು ಬಹುವಚನದಲ್ಲೇ ಹೇಳಿದಳು. ಮೇಡಂ ಪಿಟೀಲಿನ ವರದಿಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡರು.

"ನಿಮ್ಮ ಮಾತು ಇದರಲ್ಲಿದೆ. ಕೈ ಇನ್ನೂ ಸರಿಯಾಗಿ ಬಗ್ಗಲ್ಲ, ಕೆಲಸಕ್ಕೆ ಹೋಗಕ್ಕಾಗಲ್ಲ, ಹತ್ತಿರದಲ್ಲೊಂದು ಆಸ್ಪತ್ರೆ ಬೇಕು ಅಂದಿದ್ದೀರಿ."

"ನಾನಾ?" ಅಮ್ಮ ನಿಜಕ್ಕೂ ಬೆರಗಾದಳು. "ನನ್ನನ್ನ ಯಾರೂ ಏನೂ ಕೇಳಿಲ್ಲಮ್ಮ."

ಅದು ಅಪ್ಪಟ ನಿಜ. ಗಲ್ಲಿಯ ಮಿಕ್ಕೆಲ್ಲ ಮನೆಗಳಲ್ಲಿ ಕೂತು ಕೇಳಿದ್ದ ಪಿಟೀಲು, ತನ್ನ ಅಮ್ಮನಿಗೆ ಒಂದು ಪ್ರಶ್ನೆಯನ್ನೂ ಹಾಕಿರಲಿಲ್ಲ. ಅಮ್ಮನನ್ನು ಕೇಳುವುದೇನಿದೆ, ಎಲ್ಲ ಗೊತ್ತಿದ್ದದ್ದೇ ಎಂದುಕೊಂಡು, ಊಟದ ತಟ್ಟೆಯ ಪಕ್ಕ ಹಾಳೆ ಇಟ್ಟುಕೊಂಡು, ಅಮ್ಮನ ಉತ್ತರಗಳನ್ನೂ ತಾನೇ ಬರೆದಿದ್ದಳು. ನಿನ್ನೆ ಅಮ್ಮನಿಗೆ ಹೇಳಿಕೊಟ್ಟದ್ದು ಒಂದೇ ಮಾತು: ನನ್ನ ಗುರುತಿಲ್ಲ ಅನ್ನು. ಬರೆದದ್ದೇನು ಎಂದು ಹೇಳಬೇಕೆಂಬುದು ತಲೆಗೇ ಹೊಳೆದಿರಲಿಲ್ಲ.

"ಹಾಗಾದ್ರೆ ನಾನೇ ಕೇಳ್ತೀನಿ," ಎಂದರು ಮೇಡಂ. "ನಿಮಗೇನು ಬೇಕು?"

ಆ ಪ್ರಶ್ನೆ ಅಮ್ಮನಿಗೆ ಹೊಸದು. "ಕೆಲಸಕ್ಕೆ ವಾಪಸ್ ಹೋಗ್ಬೇಕು," ಎಂದಳು. "ಮಿಷನ್ ಮುಂದೆ ಕೂತು ನಾಲ್ಕು ಜನರ ಜೊತೆ ಮಾತಾಡ್ಬೇಕು. ಕೈ ವಾಸಿಯಾಗಿ ಎಷ್ಟೋ ಕಾಲ ಆಯ್ತು, ನೋಡಿ." ಬಲಗೈಯನ್ನು ಮುಷ್ಟಿ ಕಟ್ಟಿ ಬಿಚ್ಚಿದಳು. "ಆದ್ರೆ ಮನೇಲಿ ಬಿಡಲ್ಲ."

"ಯಾರು ಬಿಡಲ್ಲ?"

ಅಮ್ಮನ ಕಣ್ಣು ತಾನಾಗಿ ಮಗಳ ಕಡೆ ಹೋಯಿತು. ಮೇಡಂ ವರದಿ ಮುಚ್ಚಿದರು.

"ಇವರು ನಿನಗೇನಾಗ್ಬೇಕು?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅಮ್ಮನ ಎದುರಿಗೆ ಅದು ಹೊರಬೀಳಲಿಲ್ಲ.

"ನಮ್ಮಮ್ಮ," ಎಂದಳು ಪಿಟೀಲು.

ಮೇಡಂ ಕೂಗಾಡಲಿಲ್ಲ. "ಇದನ್ನ ಕ್ಷೇತ್ರಕಾರ್ಯ ಅಂತ ಒಪ್ಪಕ್ಕಾಗಲ್ಲಮ್ಮ. ಬೇರೆ ಜಾಗಕ್ಕೆ ಹೋಗಿ ಮೊದಲಿಂದ ಮಾಡ್ಬೇಕು," ಎಂದು ಎದ್ದರು. ಪಿಟೀಲು ಗಲ್ಲಿಯುದ್ದಕ್ಕೂ ಅವರ ಹಿಂದೆ ಓಡಿದಳು. ಕೆಲಸ ಕೈತಪ್ಪುತ್ತೆ ಮೇಡಂ, ಇಷ್ಟು ವರ್ಷ ಓದಿದ್ದೆಲ್ಲ ನೀರುಪಾಲಾಗುತ್ತೆ ಮೇಡಂ, ಇದೊಂದು ಸಲ ಬಿಟ್ಟುಬಿಡಿ ಮೇಡಂ. ಕಾರಿನ ಬಾಗಿಲು ಹಿಡಿದುಕೊಂಡು ಅತ್ತಳು. ಮೇಡಂ ಅವಳ ಬೆರಳುಗಳನ್ನು ಮೆಲ್ಲನೆ ಬಿಡಿಸಿ ಬಾಗಿಲು ಹಾಕಿಕೊಂಡರು. ಇಸ್ತ್ರಿ ಮಾವ ಅಂಗಡಿಯೊಳಗೆ ತಲೆ ತಗ್ಗಿಸಿ ನಿಂತಿದ್ದ.

ಮನೆಗೆ ಬಂದವಳೇ ಅಮ್ಮನ ಮೇಲೆ ಹರಿಹಾಯ್ದಳು. "ನನಗೋಸ್ಕರ ಒಂದೇ ಒಂದು ಸುಳ್ಳು ಹೇಳಕ್ಕಾಗ್ಲಿಲ್ವಾ ನಿನಗೆ?"

"ಇಷ್ಟು ದಿನ ಅದನ್ನೇ ಹೇಳ್ತಿದ್ನಲ್ಲೇ," ಎಂದಳು ಅಮ್ಮ. "ಕೈ ನೋವು, ಕೈ ನೋವು ಅಂತ. ಸುಸ್ತಾಗಿ ಹೋಯ್ತು ಕಣೇ."

"ಯಾಕಮ್ಮ? ಯಾರು ಹೇಳು ಅಂದ್ರು?"

ಅಮ್ಮ ಗೋಡೆಗೊರಗಿ ನೆಲದ ಮೇಲೆ ಕೂತಳು. "ನಾನು ಬಿದ್ದ ದಿನ ನೀನು ಅಳ್ತಾ ಓಡಿ ಬಂದೆ. ಆದ್ರೆ ವಾರದಿಂದ ಸತ್ತಂಗಿದ್ದ ನಿನ್ನ ಮುಖಕ್ಕೆ ಆವಾಗ ಕಳೆ ಬಂತು. ಸದ್ಯ, ಹೋಗೋದು ತಪ್ತು ಅನ್ನೋ ಹಾಗೆ. ನಿನಗೆ ಭಯ ಇತ್ತು, ಬಾಯಿಬಿಟ್ಟು ಹೇಳಕ್ಕಾಗ್ತಿರ್ಲಿಲ್ಲ. ಒಂದು ನೆಪ ಬೇಕಿತ್ತು. ನನ್ನ ಕೈ ಇತ್ತಲ್ಲ, ಕೊಟ್ಟೆ."

ಹಾಗಲ್ಲಮ್ಮ ಎನ್ನಲು ಪಿಟೀಲು ಬಾಯಿ ತೆರೆದಳು. ಆ ಬೆಳಗ್ಗೆ ಅಮ್ಮ ಚೀರಿದ್ದು ಕೇಳಿ ಮೆಟ್ಟಿಲ ಕಡೆ ಓಡುವಾಗ ಎದೆಯಲ್ಲಿ ಮೊದಲು ಎದ್ದದ್ದು ಗಾಬರಿಯಾಗಿರಲಿಲ್ಲ. ಅದು ಅವಳಿಗೂ ಚೆನ್ನಾಗಿ ನೆನಪಿತ್ತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ಅಮ್ಮನ ಪಕ್ಕ ಕುಸಿದು ಕೂತಳು.