ಅಗಿದ ಎಲೆ

ಆ ಎಲೆ ರಾಂಚಿಯ ನಮ್ಮ ಪ್ರಯೋಗಾಲಯದಲ್ಲಿ ಹನ್ನೊಂದು ತಿಂಗಳು ನಮ್ಮ ಮಾನ ಕಳೆಯಿತು. ದುಮ್ಕಾ ಕಡೆಯ ಹಳ್ಳಿಯಲ್ಲಿ ನಾಟಿ ಮದ್ದು ಕೊಡುವ ಸೋನಾಮುನಿ ಅಜ್ಜಿ ಅದರಿಂದ ವಾರದೊಳಗೆ ಹುಣ್ಣು ಮಾಯಿಸುತ್ತಿದ್ದಳು. ಅವಳು ಹೇಳಿದಂತೆಯೇ ಕಲ್ಲಿನ ಮೇಲೆ ಅರೆದರೂ ನಮ್ಮ ಗಾಜಿನ ತಟ್ಟೆಗಳಲ್ಲಿ ಒಂದು ಕೀಟಾಣುವೂ ಸಾಯಲಿಲ್ಲ.

"ಮುದುಕಿ ಸುಳ್ಳು ಹೇಳಿದಾಳೆ, ಬಿಟ್ಟಾಕಿ" ಎಂದರು ನಿರ್ದೇಶಕ ಪಾಠಕ್ ಸಾಹೇಬರು. ನನಗೆ ಮೈಯೆಲ್ಲ ಉರಿಯಿತು. ಅಜ್ಜಿಯೊಡನೆ ಜಗಳವಾಡಲೆಂದೇ ದುಮ್ಕಾದ ಬಸ್ಸು ಹತ್ತಿದೆ.

ಅಂಗಳದಲ್ಲಿ ಅಜ್ಜಿ ಗಾಯಗೊಂಡ ಆಡೊಂದನ್ನು ಅದುಮಿ ಹಿಡಿದಿದ್ದಳು. ನಾನು ಬಂದದ್ದು ಅವಳಿಗೆ ಕಾಣಲಿಲ್ಲ. ಅದೇ ಎಲೆಗಳನ್ನು ಬಾಯಿಗೆ ಹಾಕಿ, ನುಣ್ಣಗೆ ಅಗಿದು, ಅಂಗೈಗೆ ಉಗುಳಿ ಗಾಯಕ್ಕೆ ಮೆತ್ತಿದಳು.

"ಅಜ್ಜೀ! ಕಲ್ಲಲ್ಲಿ ಅರೀಬೇಕು ಅಂದೋಳು ನೀನೇ ಅಲ್ವಾ?"

ಬೆಚ್ಚಿದ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅವತ್ತು ಕೇಳೋಕೆ ಬಂದಾಗ ಬೂಟು ಹಾಕ್ಕೊಂಡು ಐದು ಜನ ಸಾಹೇಬ್ರು ಎದುರಿಗೇ ಕೂತಿದ್ರಿ ತಾಯಿ. ಎಂಜಲು ಅಂತ ಯಾವ ಬಾಯಲ್ಲಿ ಹೇಳ್ಲಿ? ಮೊದ್ಲೇ ನಮ್ಮನ್ನ ಕಂಡ್ರೆ ಮೂಗು ಮುರೀತೀರಿ."

ಜಗಳ ಬದಿಗಿಟ್ಟೆ. ಚೀಲದಿಂದ ಗಾಜಿನ ಕೊಳವೆ ತೆಗೆದು ಚಾಚಿದೆ. "ಅಗಿದು ಇದರೊಳಗೆ ಉಗುಳು."

"ನನ್ನ ಎಂಜಲು ರಾಂಚಿಗೆ ಹೊತ್ಕೊಂಡು ಹೋಗ್ತೀಯಾ? ತಲೆ ಕೆಟ್ಟಿದೆಯಾ ನಿಂಗೆ?" ಆಡು ಬೆದರುವಷ್ಟು ಜೋರಾಗಿ ನಕ್ಕಳು.

ಅಜ್ಜಿ ಅಗಿದ ಎಲೆ ಹಾಕಿದ ತಟ್ಟೆಯಲ್ಲಿ ಕೀಟಾಣುಗಳು ಸತ್ತವು. ಜೊಲ್ಲು ಎಲೆಯೊಳಗಿಂದ ಏನನ್ನು ಬಿಡಿಸುತ್ತದೆ ಎಂದು ಕಂಡುಹಿಡಿಯಲು, ಅದನ್ನು ಮದ್ದಾಗಿಸಲು ವರ್ಷಗಳೇ ಬೇಕು. ಸದ್ಯಕ್ಕೆ ಪಾಠಕ್ ಸಾಹೇಬರು ಬಿಳಿ ಕೋಟು ತೊಟ್ಟು, ಮುಖ ಕಿವುಚಿಕೊಂಡು ಕಹಿ ಎಲೆ ಅಗಿಯುತ್ತಿದ್ದಾರೆ. ಎದುರಿಗೆ ಕುರ್ಚಿಯಲ್ಲಿ, ನಾವು ರಾಂಚಿಗೆ ಕರೆಸಿಕೊಂಡ ಅಜ್ಜಿ.

"ಇನ್ನೂ ನುಣ್ಣಗೆ ಅಗೀರಿ ಸಾಹೇಬ್ರೇ," ಎನ್ನುತ್ತಾಳೆ, "ಹಲ್ಲು ಇದಾವಲ್ಲ ನಿಮಗೆ?"